ನಮ್ಮೂರಿನ ಆಕಾಶಚಿತ್ರ ನಮ್ಮ ಪಂಚಾಯ್ತಿ ಗೋಡೆಗೆ ಬರಲಿ

ಊರಿನ ಮೇಲೆ ಡ್ರೋನ್ ಹಾರಿದರೆ ಎಲ್ಲರೂ ತಲೆ ಎತ್ತಿ ನೋಡುತ್ತೇವೆ. ಸ್ವಲ್ಪ ಹೊತ್ತು ಜೇನುಹುಳದ ಹಾಗೆ ಗುಯ್‌ಗುಟ್ಟಿ ಅದು ಇಳಿಯುತ್ತದೆ. ಬಂದವರು ಅದನ್ನು ಪೆಟ್ಟಿಗೆಗೆ ತುಂಬಿಕೊಂಡು ಗಾಡಿ ಹತ್ತುತ್ತಾರೆ. ನಮ್ಮ ಮನೆ, ಹಿತ್ತಲು, ಕೊಟ್ಟಿಗೆ, ತಿಪ್ಪೆ, ಅರಳಿಕಟ್ಟೆ, ಪಕ್ಕದ ಮನೆಗೂ ನಮಗೂ ನಡುವೆ ಇರುವ ಸಂದಿ, ಎಲ್ಲದರ ಚಿತ್ರವೂ ಅವರ ಜೊತೆ ಹೊರಟುಹೋಗುತ್ತದೆ.

ಆಮೇಲೆ ಆ ಚಿತ್ರ ಏನಾಯಿತು? ನಿಮ್ಮೂರಲ್ಲಿ ಯಾರಾದರೂ ಅದನ್ನು ಕಣ್ಣಾರೆ ನೋಡಿದ್ದಾರಾ? ಪಂಚಾಯ್ತಿ ಸದಸ್ಯರನ್ನು ಕೇಳಿ, ಸೈಟಿನ ಕಾಗದ ಹಿಡಿದು ವರ್ಷಗಟ್ಟಲೆ ಓಡಾಡಿದ ಹಿರಿಯರನ್ನು ಕೇಳಿ. ಕಾರ್ಡ್ ನೋಡಿದವರು, ಗೆರೆ ನಕ್ಷೆ ನೋಡಿದವರು ಸಿಗಬಹುದು. ಆ ಗೆರೆಗಳನ್ನು ಯಾವ ಚಿತ್ರದ ಮೇಲೆ ಎಳೆದರೋ, ಆ ಚಿತ್ರವನ್ನು ನೋಡಿದವರು ಸಿಗುವುದು ಕಷ್ಟ.

ನಮ್ಮ ಮಾತು ಇಷ್ಟೇ. ಊರಿನ ಚಿತ್ರ ಊರಿಗೆ ಸೇರಬೇಕು. ಆಸ್ತಿ ಕಾರ್ಡಿಗೆ ಕೊನೆಯ ಮುದ್ರೆ ಬೀಳುವ ಮೊದಲೇ ಅದು ದೊಡ್ಡದಾಗಿ ಮುದ್ರಣವಾಗಿ ಪಂಚಾಯ್ತಿ ಗೋಡೆಗೆ ಬರಬೇಕು. ಅದನ್ನು ನೋಡಿ ಜನ "ಇದು ಸರಿ, ಇದು ತಪ್ಪು" ಎಂದು ಹೇಳಿದ ಮೇಲೆ ಮಾತ್ರ ಗೆರೆ ಗಟ್ಟಿಯಾಗಬೇಕು. ಯಾಕೆ ಇಷ್ಟು ಹಟ ಎಂದು ತಿಳಿಯಲು ಆ ಚಿತ್ರ ಹೇಗೆ ತಯಾರಾಗುತ್ತದೆ ಎಂದು ಮೊದಲು ನೋಡೋಣ.

ಅದು ಒಂದು ಫೋಟೊ ಅಲ್ಲ, ನೂರಾರು ಫೋಟೊಗಳ ಹೊಲಿಗೆ

ಸ್ವಾಮಿತ್ವ ಯೋಜನೆ ಶುರುವಾಗಿದ್ದು 2020ರ ಏಪ್ರಿಲ್ 24ರಂದು, ಪಂಚಾಯತ್ ರಾಜ್ ದಿನದಂದು. ಹೊಲಗದ್ದೆಗೆ ಸರ್ವೆ ನಂಬರ್ ಇದೆ, ಪಹಣಿ ಇದೆ, ಟಿಪ್ಪಣಿ ಇದೆ. ಬ್ರಿಟಿಷರ ಕಾಲದ ಸರ್ವೆ ಕಂದಾಯ ಬರುವ ಹೊಲವನ್ನು ಚೈನು ಹಿಡಿದು ಅಳೆಯಿತು, ಕಂದಾಯ ಬಾರದ ಗ್ರಾಮಠಾಣವನ್ನು ಒಂದೇ ಗುಡ್ಡೆಯಾಗಿ ಬಿಟ್ಟಿತು. ಹಾಗಾಗಿ ತಾತನ ಕಾಲದಿಂದ ವಾಸವಿದ್ದ ಮನೆಗೇ ಸರಿಯಾದ ನಕ್ಷೆ ಇಲ್ಲ, ಅದನ್ನು ತೋರಿಸಿ ಬ್ಯಾಂಕಿನಲ್ಲಿ ಸಾಲ ಹುಟ್ಟುವುದು ಕಷ್ಟ. ಈ ಕೊರತೆ ತುಂಬಲು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ, ಭಾರತೀಯ ಸರ್ವೇಕ್ಷಣಾ ಇಲಾಖೆ ಮತ್ತು ರಾಜ್ಯ ಸರ್ಕಾರಗಳು ಸೇರಿ ಡ್ರೋನ್ ಹಾರಿಸುತ್ತಿವೆ. 2020ರ ಅಕ್ಟೋಬರ್ 11ರಂದು ಮೊದಲ ಕಂತಿನ ಕಾರ್ಡು ಬಂದಿದ್ದು 6 ರಾಜ್ಯಗಳ 763 ಹಳ್ಳಿಗಳಿಗೆ. ಅದರಲ್ಲಿ ಕರ್ನಾಟಕದ್ದು ಎರಡೇ ಹಳ್ಳಿ. 2025ರ ಜನವರಿ ಹೊತ್ತಿಗೆ ದೇಶದಲ್ಲಿ 3 ಲಕ್ಷಕ್ಕೂ ಹೆಚ್ಚು ಹಳ್ಳಿಗಳ ಮೇಲೆ ಡ್ರೋನ್ ಹಾರಿ ಆಗಿತ್ತು.

ಯೋಜನೆ ಬೇಡ ಎಂದು ನಾವು ಹೇಳುತ್ತಿಲ್ಲ. ಬೇಕು. ಮನೆಗೆ ದಾಖಲೆ ಸಿಗುವುದು ಸಣ್ಣ ಮಾತಲ್ಲ. ನಮ್ಮ ತಕರಾರು ಇರುವುದು ಕಾರ್ಡಿನ ಹಿಂದಿರುವ ಚಿತ್ರವನ್ನು ಮುಚ್ಚಿಡುವುದರ ಬಗ್ಗೆ.

ಡ್ರೋನ್ ಊರಿನ ಮೇಲೆ ಉಳುಮೆ ಸಾಲಿನ ಹಾಗೆ ಹೋಗುತ್ತದೆ. ಒಂದು ಸಾಲು ಆ ಕಡೆ, ಮುಂದಿನ ಸಾಲು ಈ ಕಡೆ. ಹೋಗುವಾಗ ಟಪಟಪ ಫೋಟೊ ತೆಗೆಯುತ್ತದೆ. ಒಂದು ಫೋಟೊ ಮುಗಿದ ಕಡೆಯಿಂದ ಇನ್ನೊಂದು ಶುರುವಾಗುವುದಿಲ್ಲ. ಹೆಂಚಿನ ಮೇಲೆ ಹೆಂಚು ಕೂರುವ ಹಾಗೆ ಒಂದರ ಬಹುಪಾಲು ಇನ್ನೊಂದರಲ್ಲೂ ಇರುತ್ತದೆ. ಪಕ್ಕದ ಸಾಲಿನ ಫೋಟೊಗಳೂ ಹಾಗೆಯೇ ಒಂದರ ಮೇಲೊಂದು ಬರುತ್ತವೆ. ನಿಮ್ಮ ಮನೆಯ ಒಂದು ಮೂಲೆ ಹತ್ತಾರು ಫೋಟೊಗಳಲ್ಲಿ ಬಿದ್ದಿರುತ್ತದೆ.

ಕಂಪ್ಯೂಟರು ಈ ಫೋಟೊಗಳಲ್ಲಿ ಒಂದೇ ಗುರುತನ್ನು ಹುಡುಕುತ್ತದೆ. ಗೋಡೆಯ ಮೂಲೆ, ಸಿಂಟೆಕ್ಸ್ ಟ್ಯಾಂಕಿನ ಮುಚ್ಚಳ, ಚಪ್ಪಡಿ ಕಲ್ಲಿನ ಬಿರುಕು, ಹೀಗೆ ಸಾವಿರಾರು ಗುರುತು. "ಈ ಫೋಟೊದ ಈ ಚುಕ್ಕಿಯೂ ಆ ಫೋಟೊದ ಆ ಚುಕ್ಕಿಯೂ ಒಂದೇ" ಎಂದು ಲೆಕ್ಕ ಹಾಕಿ ಒಂದಕ್ಕೊಂದು ಜೋಡಿಸುತ್ತದೆ. ನೆಲದ ಮೇಲೆ ಮೊದಲೇ ಅಳೆದಿಟ್ಟ ಗುರುತುಗಳಿಗೆ ತಾಳೆ ಹಾಕುತ್ತದೆ. ಆಮೇಲೆ ಬಣ್ಣ ಹೊಂದಿಸಿ ಅಂಚು ಕಾಣದ ಹಾಗೆ ಹೊಲಿಯುತ್ತದೆ. ಕೊನೆಗೆ ಸಿಗುವುದು ಇಡೀ ಊರಿನ ಒಂದೇ ದೊಡ್ಡ ಚಿತ್ರ. ಜೂಮ್ ಮಾಡಿದರೆ ಜಗಲಿ ಮೇಲಿನ ಚಾಪೆಯೂ ಕಂಡೀತು.

ಈ ವಿದ್ಯೆ ನಿಮ್ಮ ಜೇಬಿನಲ್ಲೂ ಇದೆ. ಫೋನಿನ ಕ್ಯಾಮೆರಾದಲ್ಲಿ ಪನೋರಮಾ ಒತ್ತಿ ಎಡದಿಂದ ಬಲಕ್ಕೆ ತಿರುಗಿಸುತ್ತೀರಲ್ಲ, ಅದೂ ಇದೇ. ಹಲವು ಫ್ರೇಮು, ಒಂದೇ ಚಿತ್ರ.

ಹೊಲಿಗೆ ಎಲ್ಲಿ ಬಿಚ್ಚುತ್ತದೆ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಪನೋರಮಾ ತೆಗೆದು ನೋಡಿ. ನಿಂತ ಎತ್ತು ಸರಿಯಾಗಿ ಬರುತ್ತದೆ. ನಡೆಯುವ ಎತ್ತಿಗೆ ಆರು ಕಾಲು ಬರಬಹುದು, ಇಲ್ಲವೇ ತಲೆ ಇದ್ದು ಮೈ ಇರುವುದಿಲ್ಲ. ಹತ್ತಿರದ ಕಂಬ ಮುರಿದ ಹಾಗೆ ಕಾಣುತ್ತದೆ, ನೆಟ್ಟಗಿರುವ ರಸ್ತೆ ಬಿಲ್ಲಿನ ಹಾಗೆ ಬಾಗುತ್ತದೆ. ನಗುತ್ತೇವೆ, ಅಳಿಸುತ್ತೇವೆ, ಇನ್ನೊಂದು ತೆಗೆಯುತ್ತೇವೆ.

ಅದೇ ಎಡವಟ್ಟು ಊರಿನ ಚಿತ್ರದಲ್ಲಿ ಆದರೆ ನಗಲು ಆಗುವುದಿಲ್ಲ. ಡ್ರೋನಿನ ಹೊಲಿಗೆ ಫೋನಿಗಿಂತ ಎಷ್ಟೋ ಪಾಲು ಗಟ್ಟಿ, ನಿಜ. ಆದರೆ ಅದು ಸಡಿಲವಾಗುವ ಜಾಗಗಳು ಕೆಲಸ ಗೊತ್ತಿರುವ ಎಲ್ಲರಿಗೂ ಗೊತ್ತು.

ಮೊದಲನೆಯದು, ಗುರುತು ಸಿಗದ ಜಾಗ. ಕೆರೆಯ ನೀರು, ಒಂದೇ ಬಣ್ಣದ ಉದ್ದನೆಯ ಶೀಟು, ಗಾಳಿಗೆ ಅಲುಗುವ ತೆಂಗಿನ ಗರಿ. ಯಾವ ಚುಕ್ಕಿಯನ್ನು ಯಾವುದಕ್ಕೆ ಜೋಡಿಸಬೇಕು ಎಂದು ಕಂಪ್ಯೂಟರು ತಡಕಾಡುತ್ತದೆ.

ಎರಡನೆಯದು, ಎತ್ತರ. ಒಂದು ಬೆರಳನ್ನು ಮೂಗಿನ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಆ ಕಡೆ ಈ ಕಡೆ ಜಿಗಿಯುತ್ತದೆ, ಹಿಂದಿನ ಗೋಡೆ ಜಿಗಿಯುವುದಿಲ್ಲ. ಡ್ರೋನಿಗೂ ಹೀಗೆಯೇ. ನೇರ ಕೆಳಗಿರುವ ಮನೆ ಬಿಟ್ಟು ಉಳಿದ ಮನೆಗಳು ಹೊರಕ್ಕೆ ವಾಲಿದಂತೆ ಕಾಣುತ್ತವೆ. ಮೂರಂತಸ್ತಿನ ಮನೆಯ ಪಕ್ಕದ ಹೆಂಚಿನ ಮನೆ ಅರ್ಧ ಮರೆಯಾಗಬಹುದು. ಎತ್ತರದ ಲೆಕ್ಕ ಹಾಕಿ ಇದನ್ನು ನೆಟ್ಟಗೆ ಮಾಡುತ್ತಾರೆ. ಆದರೂ ಕಟ್ಟಡದ ಅಂಚುಗಳಲ್ಲಿ ಸೊಟ್ಟ ಉಳಿಯಬಹುದು. ಆಸ್ತಿಯ ಗೆರೆ ಹೋಗುವುದು ಅದೇ ಅಂಚಿನಲ್ಲಿ.

ಮೂರನೆಯದು, ಮರೆ. ಹುಣಸೆ ಮರದ ಕೆಳಗೆ, ಹೊಂಗೆ ಮರದ ಕೆಳಗೆ, ಚಪ್ಪರದ ಕೆಳಗೆ ಏನಿದೆ ಎಂದು ಆಕಾಶಕ್ಕೆ ಕಾಣುವುದಿಲ್ಲ.

ನಾಲ್ಕನೆಯದು, ಸುಣ್ಣ. ಡ್ರೋನ್ ಬರುವ ಮೊದಲು ಆಸ್ತಿಯ ಎಲ್ಲೆಗೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿಸುವುದು ಈ ಯೋಜನೆಯ ಕ್ರಮ. ಒಳ್ಳೆಯ ಕ್ರಮವೇ. ಆದರೆ ಸುಣ್ಣ ಹಾಕಿದ ರಾತ್ರಿ ಮಳೆ ಬಂದರೆ? ಬೆಳಿಗ್ಗೆ ಕುರಿಮಂದೆ ತುಳಿದುಕೊಂಡು ಹೋದರೆ? ಮನೆಯವರು ಹೊಸಕೋಟೆಗೆ ಕೂಲಿಗೆ ಹೋಗಿದ್ದಾಗ ಪಕ್ಕದವರು ತಮಗೆ ಬೇಕಾದ ಕಡೆ ಸುರಿದರೆ? ಡ್ರೋನ್ ಬಿಳಿ ಗೆರೆಯನ್ನು ನೋಡುತ್ತದೆ. ಸುರಿದ ಕೈ ಯಾರದು ಎಂದು ಅದಕ್ಕೆ ಕಾಣುವುದಿಲ್ಲ.

ಕಂಪ್ಯೂಟರಿನ ಹೊಲಿಗೆಗೆ ಇನ್ನೊಂದು ಗುಣವಿದೆ. ಅಂಚು ಕಾಣದ ಹಾಗೆ ಮಾಡುವುದೇ ಅದರ ಕೆಲಸ. ದೊಡ್ಡಬಳ್ಳಾಪುರದ ಮಗ್ಗದವರನ್ನು ಕೇಳಿ, ಸೀರೆಯನ್ನು ಬೆಳಕಿಗೆ ಹಿಡಿದರೆ ಎಳೆ ತಪ್ಪಿದ್ದು ಗೊತ್ತಾಗುತ್ತದೆ. ಹೊಲಿದ ಚಿತ್ರವನ್ನು ಬೆಳಕಿಗೆ ಹಿಡಿಯಲು ಬರುವುದಿಲ್ಲ. ಆ ಜಾಗದಲ್ಲಿ ನಡೆದಾಡಿದವರು ನೋಡಿದರೆ ಮಾತ್ರ "ಇಲ್ಲಿ ಏನೋ ತಪ್ಪಿದೆ" ಎಂದು ತಿಳಿಯುತ್ತದೆ. ಅಂದರೆ ಈ ಚಿತ್ರವನ್ನು ಪರೀಕ್ಷೆ ಮಾಡಲು ಎಲ್ಲರಿಗಿಂತ ಹೆಚ್ಚು ಯೋಗ್ಯತೆ ಇರುವವರು ಊರಿನವರೇ. ಅವರಿಗೇ ಅದನ್ನು ತೋರಿಸುತ್ತಿಲ್ಲ.

ಸೂರು ಬೇರೆ, ಗೋಡೆ ಬೇರೆ

ಒಂದು ಲೆಕ್ಕ ಮಾಡೋಣ. ಗೋಡೆಯಿಂದ ಗೋಡೆಗೆ 20 ಅಡಿ ಅಗಲ, 30 ಅಡಿ ಉದ್ದದ ಹೆಂಚಿನ ಮನೆ ಎಂದಿಟ್ಟುಕೊಳ್ಳಿ. ನೆಲದ ಮೇಲೆ 600 ಚದರಡಿ. ಮಳೆ ನೀರು ಗೋಡೆಗೆ ಬೀಳದಿರಲಿ ಎಂದು ಸೂರು ನಾಲ್ಕೂ ಕಡೆ 2 ಅಡಿ ಹೊರಗೆ ಬಂದಿದೆ. ಮೇಲಿನಿಂದ ನೋಡಿದರೆ ಮನೆ 24 ಅಡಿಗೆ 34 ಅಡಿ, 816 ಚದರಡಿ. ವ್ಯತ್ಯಾಸ 216 ಚದರಡಿ.

ಕ್ಯಾಮೆರಾ ನೋಡುವುದು ಸೂರನ್ನು. ಗೋಡೆಯನ್ನು ಅದು ನೋಡುವುದೇ ಇಲ್ಲ. ಸೂರಿನ ಅಂಚನ್ನೇ ಮನೆಯ ಅಂಚು ಎಂದು ಗೆರೆ ಎಳೆದರೆ ಹೆಂಚಿನ ಮನೆಯವರ ಗೆರೆ ಸಂದಿಗೆ ನುಗ್ಗುತ್ತದೆ. ಪಕ್ಕದ ತಾರಸಿ ಮನೆಯವರಿಗೆ ಸೂರಿಲ್ಲ, ಅವರ ಗೆರೆ ಗೋಡೆಯಲ್ಲೇ ನಿಲ್ಲುತ್ತದೆ. ಸೂರಿನ ನೀರು ಯಾರ ಜಾಗಕ್ಕೆ ಬೀಳಬೇಕು ಎಂದು ಅಣ್ಣತಮ್ಮಂದಿರೇ ಮಾತು ಬಿಟ್ಟ ಊರುಗಳು ನಮ್ಮವು. ಅಂಥ ಕಡೆ ಎರಡಡಿ ಗೆರೆ ಎಷ್ಟು ಬೆಂಕಿ ಹಚ್ಚಬಹುದು ಎಂದು ನಿಮಗೆ ಹೇಳಬೇಕಾಗಿಲ್ಲ.

ನಿಯಮದಲ್ಲಿ ಇದಕ್ಕೆ ದಾರಿ ಇದೆ. ಚಿತ್ರದಿಂದ ತೆಗೆದ ಮೊದಲ ನಕ್ಷೆಯನ್ನು ಸ್ಥಳಕ್ಕೆ ತಂದು ತಾಳೆ ನೋಡಬೇಕು, ತಿದ್ದಬೇಕು, ಆಮೇಲೆ ಅಂತಿಮ ನಕ್ಷೆ ಮಾಡಬೇಕು. ಆಕ್ಷೇಪಣೆಗೂ ಅವಕಾಶವಿದೆ. ಆದರೆ ಕೊನೆಗೆ ಜನರ ಕೈಗೆ ಬರುವುದು ಗೆರೆ, ಅಳತೆ ಮತ್ತು ಹೆಸರು. ಈ ನಕ್ಷೆಗಳ ಪ್ರಮಾಣ 1:500. ಹಾಗೆಂದರೆ 30-40ರ ಸೈಟು ಕಾಗದದ ಮೇಲೆ 1.8 ಸೆಂ.ಮೀ.ಗೆ 2.4 ಸೆಂ.ಮೀ. ಅಂಚೆ ಚೀಟಿಯಷ್ಟು. ಅದರಲ್ಲಿ ಒಂದು ಅಡಿ ಎಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಪೆನ್ನಿನ ಗೆರೆಯಷ್ಟೇ ದಪ್ಪ. ಕನ್ನಡಕ ಹಾಕಿದ ಅಜ್ಜ ಅದನ್ನು ನೋಡಿ ಎರಡಡಿ ಒತ್ತುವರಿಯಾಗಿದೆ ಎಂದು ಕಂಡುಹಿಡಿಯಬೇಕಂತೆ!

ಅಜ್ಜನಿಗೆ ಗೆರೆ ಓದಲು ಬಾರದಿರಬಹುದು. ಚಿತ್ರ ಓದಲು ಬರುತ್ತದೆ. "ಇದು ನಮ್ಮ ನುಗ್ಗೆ ಮರ, ಇದು ಒರಳು ಕಲ್ಲು, ಇಲ್ಲಿಂದ ಮೂರು ಹೆಜ್ಜೆ ಹೋದರೆ ಅವರ ಗೋಡೆ" ಎಂದು ಬೆರಳಿಟ್ಟು ತೋರಿಸುತ್ತಾರೆ. ಅದಕ್ಕೇ ಗೆರೆ ಸಾಲದು, ಚಿತ್ರ ಬೇಕು ಎನ್ನುತ್ತಿದ್ದೇವೆ.

ದೊಡ್ಡ ಚಿತ್ರವಾದ ಮಾತ್ರಕ್ಕೆ ಪೂರ್ತಿ ಸತ್ಯವಲ್ಲ

ಅಗಲವಾದ ಚಿತ್ರಕ್ಕೆ ಒಂದು ಮಾಯೆ ಇದೆ. ಎಲ್ಲವೂ ಕಾಣುತ್ತಿದೆಯಲ್ಲ, ಇನ್ನೇನು ಬಿಟ್ಟಿರಲು ಸಾಧ್ಯ ಎನಿಸುತ್ತದೆ.

ಈ ಮಾಯೆ ಹಳೆಯದು, ನಮ್ಮ ಜಿಲ್ಲೆಗೂ ಅದಕ್ಕೂ ನಂಟಿದೆ. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಸತ್ತ. ಮರುವರ್ಷ, 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತು ದಾಟಿದ ಹುಡುಗ ಲಂಡನ್ನಿನಲ್ಲಿ ಆ ಕೋಟೆ ಕಾಳಗದ ಪನೋರಮಾ ಬರೆದ. ಉದ್ದ ಸುಮಾರು 120 ಅಡಿ. ಜನ ದುಡ್ಡು ಕೊಟ್ಟು ಬಂದು, ಕಾಳಗದ ನಡುವೆಯೇ ನಿಂತ ಹಾಗೆ ಬೆರಗಾಗಿ ನೋಡಿದರು. ಬರೆದವನು ಶ್ರೀರಂಗಪಟ್ಟಣಕ್ಕೆ ಕಾಲಿಟ್ಟವನೇ ಅಲ್ಲ. ಗೆದ್ದವರ ಕಡೆಯವರು ಹೇಳಿದ್ದು ಕೇಳಿ ಬರೆದ. ಸೋತ ಊರಿನವರು ಅದನ್ನು ನೋಡಿ "ಕೋಟೆ ಬಾಗಿಲು ಆ ಕಡೆಗಲ್ಲ" ಎನ್ನಲು ಅಲ್ಲಿ ಇರಲಿಲ್ಲ.

ಡ್ರೋನಿನ ಚಿತ್ರ ಕಟ್ಟುಕಥೆ ಎಂದು ನಾವು ಹೇಳುತ್ತಿಲ್ಲ. ಅದು ನಿಜವಾದ ಫೋಟೊ. ಆದರೆ ಊರಿನವರು ನೋಡದ ಊರಿನ ಚಿತ್ರ ಆಗಲೂ ಒಂದು ಕಡೆಯದೇ, ಈಗಲೂ ಒಂದು ಕಡೆಯದೇ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. 2009ರ ಜನವರಿ 20ರಂದು ಅಮೆರಿಕದಲ್ಲಿ ಬರಾಕ್ ಒಬಾಮ ಪ್ರಮಾಣ ವಚನ ಸ್ವೀಕರಿಸಿದಾಗ ಡೇವಿಡ್ ಬರ್ಗ್‌ಮನ್ ಎಂಬ ಛಾಯಾಗ್ರಾಹಕ ಸಾಮಾನ್ಯ ಕ್ಯಾಮೆರಾದಲ್ಲಿ 220 ಫೋಟೊ ತೆಗೆದು ಹೊಲಿದ. ಬಂದಿದ್ದು 1,474 ಮೆಗಾಪಿಕ್ಸೆಲ್‌ನ ಒಂದೇ ಚಿತ್ರ. ಅದನ್ನು ಎಲ್ಲರಿಗೂ ಬಿಟ್ಟ. ಜನಜಂಗುಳಿಯಲ್ಲಿದ್ದವರು ಜೂಮ್ ಮಾಡಿ ತಮ್ಮ ಮುಖವನ್ನು ತಾವೇ ಹುಡುಕಿದರು. ಹೊಲಿದ ಚಿತ್ರದ ನಿಜವಾದ ಶಕ್ತಿ ಇದೇ. ಯಾರು ಬೇಕಾದರೂ ಹತ್ತಿರ ಹೋಗಿ ನೋಡಬಹುದು. ಅಲ್ಲಿ ಲಕ್ಷಾಂತರ ಜನಕ್ಕೆ ತಮ್ಮ ಮುಖ ಹುಡುಕಲು ಸಾಧ್ಯವಾಯಿತು. ಇಲ್ಲಿ ನಮಗೆ ನಮ್ಮ ಹಿತ್ತಲು ಹುಡುಕಲು ಅವಕಾಶವಿಲ್ಲ.

ನಮ್ಮ ಜಿಲ್ಲೆಗೆ ಇದು ಯಾಕೆ ಜಾಸ್ತಿ ಬಿಸಿ

ಬೇರೆ ಕಡೆ ಎರಡಡಿ ಜಾಗ ಹೋದರೆ ಮನಸ್ಸು ಕೆಡುತ್ತದೆ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರದ ಕಡೆ ಎರಡಡಿ ಜಾಗ ಹೋದರೆ ಮಗಳ ಮದುವೆಯ ದುಡ್ಡು ಹೋದ ಹಾಗೆ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಇಲ್ಲಿ ಮಣ್ಣಿಗೆ ಬಂದ ಬೆಲೆ ನಿಮಗೆ ಗೊತ್ತು.

ಆಕಾಶದಿಂದ ನೋಡುವವರ ಕಣ್ಣಿಗೆ ನಮ್ಮ ಜಾಗ ಹೇಗೆ ಕಾಣುತ್ತದೆ ಎಂಬುದೂ ಮುಖ್ಯ. ರಾಗಿ ಕೊಯ್ದ ಮೇಲೆ ಬೇಸಿಗೆಯ ಹೊಲ ಮೇಲಿನಿಂದ ಖಾಲಿ ಸೈಟು. ತಿಪ್ಪೆ, ಕಣ, ಬಣವೆ ಹಾಕುವ ಜಾಗವೂ ಖಾಲಿಯೇ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂರಬೇಕಾಯಿತು. ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಕಟಿಸಿದ್ದು 2025ರ ಜುಲೈ 15ರಂದು. ಆ ಹೊಲ ಖಾಲಿ ಅಲ್ಲ, ಅಲ್ಲಿ ಬದುಕಿದೆ ಎಂದು ಹೇಳಿದ್ದು ಆಕಾಶದ ಚಿತ್ರವಲ್ಲ, ನೆಲದ ಮೇಲಿನ ಜನ. ಹಿತ್ತಲು, ತಿಪ್ಪೆಗಳ ವಿಷಯದಲ್ಲೂ ಜನವೇ ಹೇಳಬೇಕು. ಯಾರೂ ಹೇಳದಿದ್ದರೆ ನೂರು ವರ್ಷ ತಿಪ್ಪೆ ಹಾಕಿದ ಜಾಗ ಮಾಲೀಕರಿಲ್ಲದ ಬಯಲು ಎಂದು ದಾಖಲಾದರೆ ಅಚ್ಚರಿಯಿಲ್ಲ.

"ಹಾಗಾದರೆ ನೀವೇ ಒಂದು ಡ್ರೋನ್ ಬಾಡಿಗೆಗೆ ತಂದು ಹಾರಿಸಿ" ಎಂದು ಕೆಲವರು ಸವಾಲು ಹಾಕುತ್ತಾರೆ. ಮದುವೆ ಮನೆಯಲ್ಲಿ ಹಾರಿಸುತ್ತಾರಲ್ಲ ಎಂದು. 2021ರ ಡ್ರೋನ್ ನಿಯಮದ ಪ್ರಕಾರ ವಿಮಾನ ನಿಲ್ದಾಣದ ಎಲ್ಲೆಯಿಂದ 8 ಕಿ.ಮೀ. ಒಳಗೆ ಅನುಮತಿ ಇಲ್ಲದೆ ಯಾವ ಎತ್ತರದಲ್ಲೂ ಹಾರಿಸುವಂತಿಲ್ಲ. 8ರಿಂದ 12 ಕಿ.ಮೀ. ನಡುವೆ 200 ಅಡಿ ದಾಟಬೇಕಾದರೆ ಅನುಮತಿ ಬೇಕು. ದೇವನಹಳ್ಳಿ ಸುತ್ತಲಿನ ಎಷ್ಟೋ ಹಳ್ಳಿಗಳು ಈ ವೃತ್ತದೊಳಗೇ ಇವೆ. ನಿಯಮ ಸರಿಯಾಗಿಯೇ ಇದೆ, ವಿಮಾನದಲ್ಲಿ ಇರುವವರೂ ಮನುಷ್ಯರೇ. ಆದರೆ ಅದರ ಅರ್ಥ ನೋಡಿ. ಸರ್ಕಾರ ಮಾತ್ರ ಮೇಲಿನಿಂದ ನೋಡಬಲ್ಲದು, ನಾವು ನೋಡಲಾರೆವು. ಆಗ ಸರ್ಕಾರ ತಾನು ನೋಡಿದ್ದನ್ನು ತೋರಿಸುವ ಹೊಣೆ ಇಮ್ಮಡಿಯಾಗುತ್ತದೆ.

"ದಿಶಾಂಕ್ ಆ್ಯಪ್ ಇದೆಯಲ್ಲ" ಎನ್ನುವವರೂ ಇದ್ದಾರೆ. ಹಳೆಯ ಸರ್ವೆ ನಕ್ಷೆಯನ್ನು ಉಪಗ್ರಹದ ಚಿತ್ರದ ಮೇಲೆ ಕೂರಿಸಿ ತೋರಿಸುವ ಆ್ಯಪ್ ಅದು. ನಿಂತ ಜಾಗ ಯಾವ ಸರ್ವೆ ನಂಬರು ಎಂದು ತಿಳಿಯಲು ಬಹಳ ಉಪಯೋಗ. ಆದರೆ ಗೆರೆ ಬದುವಿನ ಮೇಲೆ ಬೀಳದೆ ಪಕ್ಕದ ಹೊಲದಲ್ಲಿ ಬಿದ್ದಿದ್ದನ್ನು ನೀವೇ ನೋಡಿರುತ್ತೀರಿ. ಗ್ರಾಮಠಾಣದ ಒಳಗಿನ ಸಂದಿಗೊಂದಿಗೆ ಅದು ಉತ್ತರವಲ್ಲ.

"ಜನಕ್ಕೆ ಕೊಟ್ಟರೆ ಗಲಾಟೆ" ಎನ್ನುವವರಿಗೆ

ಚಿತ್ರ ಕೊಡದಿರಲು ಮೂರು ನೆಪ ಹೇಳುತ್ತಾರೆ. ಒಂದೊಂದಾಗಿ ನೋಡೋಣ.

ಮೊದಲ ನೆಪ: ಫೈಲು ತುಂಬಾ ದೊಡ್ಡದು. ಲೆಕ್ಕ ಹಾಕೋಣ. 300 ಮೀಟರಿಗೆ 400 ಮೀಟರಿನ ಗ್ರಾಮಠಾಣ, ಅಂದರೆ ಸುಮಾರು 30 ಎಕರೆ. ಒಂದು ಚುಕ್ಕಿ 5 ಸೆಂ.ಮೀ. ಎಂದಿಟ್ಟುಕೊಂಡರೆ ಇಡೀ ಊರಿನ ಚಿತ್ರ 6,000ಕ್ಕೆ 8,000 ಚುಕ್ಕಿ. ಒಟ್ಟು 4.8 ಕೋಟಿ, ಅಂದರೆ 48 ಮೆಗಾಪಿಕ್ಸೆಲ್. ನಿಮ್ಮ ಫೋನಿನ ಹಿಂದೆ 50 ಮೆಗಾಪಿಕ್ಸೆಲ್ ಎಂದು ಬರೆದಿದೆಯಲ್ಲ, ಅಷ್ಟೇ. ಒಂದು ಸಿನಿಮಾ ಹಾಡಿನ ವಿಡಿಯೊ ಹೋಗುವ ವಾಟ್ಸಾಪಿನಲ್ಲಿ ಒಂದು ಊರು ಹೋಗುವುದಿಲ್ಲವೇ?

ಎರಡನೆಯ ನೆಪ: ದೇಶದ ಭದ್ರತೆ. 2021ರ ಫೆಬ್ರುವರಿ 15ರಂದು ಕೇಂದ್ರ ಸರ್ಕಾರವೇ ನಕ್ಷೆ ಮತ್ತು ಭೂ-ಮಾಹಿತಿಯ ಬಗ್ಗೆ ಹೊಸ ಮಾರ್ಗಸೂಚಿ ತಂದಿದೆ. ಭದ್ರತಾ ಸಂಸ್ಥೆಗಳ ರಹಸ್ಯ ಮಾಹಿತಿ ಬಿಟ್ಟು, ಸಾರ್ವಜನಿಕ ಹಣದಲ್ಲಿ ತಯಾರಾದ ಭೂ-ಮಾಹಿತಿ ಭಾರತೀಯರಿಗೆಲ್ಲ ಸುಲಭವಾಗಿ ಸಿಗಬೇಕು ಎಂಬುದು ಅದರ ತಿರುಳು. ಕಂಪನಿಗಳು ಇದನ್ನು ಚೆನ್ನಾಗಿ ಬಳಸಿಕೊಳ್ಳುತ್ತಿವೆ. ನಮ್ಮ ಕೊಟ್ಟಿಗೆಯ ಚಿತ್ರ ನಮಗೆ ಸಿಕ್ಕರೆ ಮಾತ್ರ ದೇಶಕ್ಕೆ ಅಪಾಯವೇ?

ಮೂರನೆಯ ನೆಪ: ಜನ ಜಗಳ ಆಡುತ್ತಾರೆ. ಆಡಲಿ. ಈಗ ಗ್ರಾಮಸಭೆಯಲ್ಲಿ ಎದುರುಬದುರು ಕೂತು ಒಂದು ದಿನ ಆಡುವ ಜಗಳ, ಆಮೇಲೆ ಕೋರ್ಟಿನಲ್ಲಿ ಇಪ್ಪತ್ತು ವರ್ಷ ಆಡುವ ಜಗಳಕ್ಕಿಂತ ಅಗ್ಗ. ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಹೋದ ಕಾಲ ನೆನಪಿದೆಯಾ? ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದಕ್ಕೆ ತಾಲ್ಲೂಕು ಕಚೇರಿಗೆ ಚಪ್ಪಲಿ ಸವೆಸಿದವರು ಒಬ್ಬಿಬ್ಬರಲ್ಲ. ತಪ್ಪು ಕಂಪ್ಯೂಟರಿಗೆ ಹೋಗುವ ಮೊದಲು ತಿದ್ದುವುದು ಸುಲಭ. ಹೋದ ಮೇಲೆ ಅದು ದಾಖಲೆ, ನಾವು ಅರ್ಜಿದಾರರು.

ನಾವು ಕೇಳುವುದು ನಾಲ್ಕೇ

ಒಂದು. ಊರಿನ ಹೊಲಿದ ಚಿತ್ರವನ್ನು 1:100ರ ಪ್ರಮಾಣದಲ್ಲಿ ಬಟ್ಟೆಯ ಮೇಲೆ ಮುದ್ರಿಸಿ ಪಂಚಾಯ್ತಿ ಗೋಡೆಗೆ ಹಾಕಿ. ಮೇಲೆ ಹೇಳಿದ ಅಳತೆಯ ಊರಿಗೆ ಅದು ಸುಮಾರು 10 ಅಡಿಗೆ 13 ಅಡಿ. ಮುಖಂಡರ ಹುಟ್ಟುಹಬ್ಬಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಕಟ್ಟುವ ಬ್ಯಾನರಿನಷ್ಟು. ಅದರಲ್ಲಿ ಒಂದು ಅಡಿ ಜಾಗ 3 ಮಿಲಿಮೀಟರ್ ಆಗುತ್ತದೆ, ಬೆರಳಿಟ್ಟು ತೋರಿಸಬಹುದು. ಫೈಲನ್ನೂ ಕೇಳಿದವರಿಗೆಲ್ಲ ಕೊಡಿ.

ಎರಡು. ಡ್ರೋನ್ ಹಾರಿದ ದಿನ, ಹೊತ್ತು ಚಿತ್ರದ ಮೇಲೆಯೇ ಬರೆಯಿರಿ. ಮರದ ಮರೆ, ಹೊಲಿಗೆಯ ಸೊಟ್ಟ, ಅಳಿಸಿದ ಸುಣ್ಣ ಇರುವ ಜಾಗಗಳಿಗೆ ಕೆಂಪು ಗುರುತು ಹಾಕಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ನಕ್ಷೆಯೇ ನಂಬಿಕೆಗೆ ಅರ್ಹ.

ಮೂರು. ಸೂರಿನಿಂದ ತೆಗೆದ ಗೆರೆಗೆ ಸೂರು ಎಂದೇ ಹೆಸರಿಡಿ. ಗೋಡೆಯನ್ನು ಟೇಪು ಹಿಡಿದು ನೆಲದ ಮೇಲೆ, ಎರಡೂ ಮನೆಯವರ ಎದುರು ಅಳೆಯಿರಿ.

ನಾಲ್ಕು. ಗ್ರಾಮಸಭೆಯಲ್ಲಿ ಬೀದಿ ಬೀದಿಯಾಗಿ ಚಿತ್ರ ತೋರಿಸಿ ಓದಿ. ಡೇರಿಗೆ ಹಾಲು ಹಾಕಿ, ಅಡುಗೆ ಮುಗಿಸಿ ಹೆಣ್ಣುಮಕ್ಕಳು ಬರಬಹುದಾದ ಹೊತ್ತಿನಲ್ಲಿ ಸಭೆ ಇಡಿ. ಹಿತ್ತಲು ಎಲ್ಲಿಯವರೆಗೆ ಎಂದು ಗಂಡಸರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಅಲ್ಲಿಯವರೆಗೆ ನಮ್ಮ ಫೋನು ಏನು ಮಾಡಬಹುದು

ಕೇಳುವುದರ ಜೊತೆಗೆ ಮಾಡುವುದೂ ಇದೆ. ಡ್ರೋನ್ ಬರುವ ಸುದ್ದಿ ಸಿಕ್ಕಿದ ದಿನವೇ ನಿಮ್ಮ ಮನೆ, ಸಂದಿ, ಹಿತ್ತಲಿನ ಚಿತ್ರ ನೀವೇ ತೆಗೆದಿಡಿ.

ಸಂದಿಯಲ್ಲಿ ನಡೆಯುತ್ತಾ ಪನೋರಮಾ ಒತ್ತಬೇಡಿ. ಗೋಡೆ ಹತ್ತಿರವಿದ್ದರೆ ಹೊಲಿಗೆ ಕೆಡುತ್ತದೆ. ಎರಡೆರಡು ಹೆಜ್ಜೆಗೆ ಒಂದು ಬಿಡಿ ಫೋಟೊ ತೆಗೆಯಿರಿ, ಹಿಂದಿನ ಫೋಟೊದ ಅರ್ಧಕ್ಕಿಂತ ಹೆಚ್ಚು ಭಾಗ ಮುಂದಿನದರಲ್ಲೂ ಇರಲಿ. ಬಯಲು, ಕಣ, ಕೆರೆ ಏರಿ ಇಂಥ ಕಡೆ ಪನೋರಮಾ ಚೆನ್ನಾಗಿ ಬರುತ್ತದೆ. ಆಗ ಕೈ ಚಾಚಿ ಬೀಸಬೇಡಿ. ಫೋನನ್ನು ಮೈಗೆ ಹತ್ತಿರ ಹಿಡಿದು, ಅದು ಇದ್ದಲ್ಲೇ ಇರುವ ಹಾಗೆ ನೀವು ಅದರ ಸುತ್ತ ನಿಧಾನವಾಗಿ ತಿರುಗಿ. ದನ, ಗಾಡಿ ಹಾದುಹೋಗುವವರೆಗೆ ಕಾಯಿರಿ. ಸುಣ್ಣದ ಗೆರೆ ಹಾಕಿದ ಕೂಡಲೇ, ಪಕ್ಕದಲ್ಲಿ ಟೇಪು ಬಿಚ್ಚಿಟ್ಟು, ಗುರುತಿನ ಕಲ್ಲೋ ಮೂಲೆಯೋ ಕಾಣುವ ಹಾಗೆ ತೆಗೆಯಿರಿ.

ಹೊಲಿದ ಚಿತ್ರದ ಜೊತೆ ಬಿಡಿ ಫೋಟೊಗಳನ್ನೂ ಇಟ್ಟುಕೊಳ್ಳಿ, ಅಳಿಸಬೇಡಿ. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ದಿನ ಮತ್ತು ಜಾಗದ ವಿವರವೂ ಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಫೈಲನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಬೇಕು. ಮೂಲ ಫೈಲು ಇದ್ದರೆ ಆ ಕೆಲಸ ಸುಲಭ.

ಊರಿನ ಚಿತ್ರಕ್ಕಾಗಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ. "ನಮ್ಮ ಗ್ರಾಮದ ಗ್ರಾಮಠಾಣದ ಡ್ರೋನ್ ಸಮೀಕ್ಷೆಯ ಪೂರ್ಣ ಪ್ರಮಾಣದ ಚಿತ್ರದ ಪ್ರತಿಯನ್ನು ವಿದ್ಯುನ್ಮಾನ ರೂಪದಲ್ಲಿ ಕೊಡಿ" ಎಂದು ಬರೆದರೆ ಸಾಕು. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಕೊಡುವುದಿಲ್ಲ ಎಂದರೆ ಯಾವ ಕಲಂ ಅಡಿ ಎಂದು ಅವರು ಬರೆದು ಹೇಳಬೇಕು. ಆ ಉತ್ತರವನ್ನು ನಮಗೂ ಕಳಿಸಿ, ಪ್ರಕಟಿಸುತ್ತೇವೆ.

ಒಂದು ಊರು ಕೇಳಿದರೆ ತಲೆಹರಟೆ ಎನ್ನುತ್ತಾರೆ. ನಾಲ್ಕು ತಾಲ್ಲೂಕಿನ ನೂರು ಊರು ಕೇಳಿದರೆ ಅದು ಪದ್ಧತಿಯಾಗುತ್ತದೆ. ನಿಮ್ಮ ಪಂಚಾಯ್ತಿಯ ಮುಂದಿನ ಗ್ರಾಮಸಭೆಯ ದಿನಾಂಕ ಕೇಳಿ ತಿಳಿದುಕೊಳ್ಳಿ. ಅವತ್ತು ಬೇರೇನೂ ಕೇಳದಿದ್ದರೂ ಪಿಡಿಒ ಅವರನ್ನು ಇದೊಂದು ಕೇಳಿ: "ಸಾರ್, ನಮ್ಮೂರಿನ ಚಿತ್ರ ಎಲ್ಲಿ?" ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸದೆ ಎದ್ದು ಬರಬೇಡಿ.